ಗಿರಿಜಕ್ಕನ ತಾರೀಖುಗಳು

ಗಿರಿಜಕ್ಕ ಯಾವ ಮಗುವಿನ ಕೆನ್ನೆಯನ್ನೂ ಬೆರಳಿನಿಂದ ಮುಟ್ಟುತ್ತಿರಲಿಲ್ಲ. ಮುದ್ದು ಬಂದರೆ ಕೈ ಮಗುಚಿ ಹಿಂಗೈಯಿಂದ ಮೆಲ್ಲಗೆ ಸವರುತ್ತಿದ್ದಳು. ಬ್ಯಾಡಗಿಯ ನಮ್ಮ ಓಣಿಗೆ ಹೊಸದಾಗಿ ಬಂದವರು ಇದೇನು ಬಿಗುಮಾನ ಎಂದುಕೊಳ್ಳುತ್ತಿದ್ದರು. ದಿನವಿಡೀ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಬೆರಳುಗಳವು. ಎಷ್ಟು ಸಲ ಸೋಪು ಹಚ್ಚಿ ತೊಳೆದರೂ ಖಾರ ಬಿಡುತ್ತಿರಲಿಲ್ಲ. ಸ್ವಂತ ಮಗಳು ಸುಮಾಳ ಕಣ್ಣಿಗೆ ಕಾಡಿಗೆ ಹಚ್ಚುವ ಕೆಲಸವನ್ನೂ ಅವಳು ನನ್ನ ಅವ್ವನಿಗೇ ಬಿಟ್ಟಿದ್ದಳು.

ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಮೂರು ವರ್ಷದ ಸುಮಾಳನ್ನು ಎತ್ತಿಕೊಂಡು ಅವಳು ರಾಣೆಬೆನ್ನೂರಿನಿಂದ ತವರಿಗೆ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಗಂಡನಿಗೆ ಅಲ್ಲಿ ಬೀಜದ ಅಂಗಡಿ. ಅವನು ಕೋರ್ಟಿನಿಂದ ವಿಚ್ಛೇದನ ಪಡೆದು, ವರ್ಷ ತುಂಬುವುದರೊಳಗೆ ಇನ್ನೊಂದು ಮದುವೆಯಾದ. ಗಿರಿಜಕ್ಕ ಅವನ ಹೆಸರು ಹೇಳುತ್ತಿರಲಿಲ್ಲ. ವಿಚ್ಛೇದನದ ಕಾಗದ ಕೈಗೆ ಬಂದ ಮೇಲೂ ‘ರಾಣೆಬೆನ್ನೂರಾವ್ರು’ ಎಂದೇ ಅನ್ನುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವನಿಗೆಂಥ ಮರ್ಯಾದೆ ಎಂದರೆ, “ನಾಲಿಗಿ ತಿರಗಬೇಕಲ್ಲ ತಂಗಿ,” ಎಂದು ನಕ್ಕುಬಿಡುತ್ತಿದ್ದಳು.

ಜೀವನಾಂಶಕ್ಕೆ ಅರ್ಜಿ ಹಾಕುತ್ತೇನೆ ಎಂದು ಅವಳು ಹೊರಟಾಗ ಮೊದಲು ಅಡ್ಡ ಬಂದವನು ಅವಳ ಅಣ್ಣನೇ. ಬಿಟ್ಟವನ ಮುಂದೆ ಕೈ ಒಡ್ಡುವುದು ಮಾನಗೇಡು ಎಂದು ಅವನ ವಾದ. ನಮ್ಮ ಕಟ್ಟೆಯ ಮೇಲೆ ಕೂತು ಅವಳು ಕೊಟ್ಟ ಉತ್ತರ ನನಗಿನ್ನೂ ನೆನಪಿದೆ. “ಕೂಸು ನಾ ಒಬ್ಬಾಕೀನ ಹಡದಿಲ್ಲಣ್ಣ. ಇಬ್ಬರದೂ ಐತಿ. ಇಬ್ಬರೂ ಸಾಕಬೇಕು. ಇದರಾಗ ಕೈ ಒಡ್ಡೂದು ಎಲ್ಲಿ ಬಂತು?” ಸುಮಾಳನ್ನು ನರ್ಸ್ ಮಾಡಬೇಕೆಂದು ಅವಳು ಅಷ್ಟರಲ್ಲೇ ತೀರ್ಮಾನಿಸಿಬಿಟ್ಟಿದ್ದಳು. “ಆಕಿ ಬಿಳಿ ಅರಿವಿ ಹಾಕ್ಕೊಂಡು ಕೆಲಸಾ ಮಾಡ್ಲಿ. ಕೆಂಪು ಧೂಳ ನನ್ನ ತಲಿಗೇ ಮುಗೀಲಿ,” ಎನ್ನುತ್ತಿದ್ದಳು.

ನಾನಾಗ ಹಾವೇರಿಯಲ್ಲಿ ಡಿಗ್ರಿ ಓದುತ್ತಿದ್ದೆ. ದಿನವೂ ಬಸ್ಸಿಗೆ ಹೋಗುವವಳು, ನಾಲ್ಕಕ್ಷರ ಬಲ್ಲವಳು ಎಂದು ಅವಳು ಕೋರ್ಟಿಗೆ ನನ್ನನ್ನೇ ಜೊತೆ ಮಾಡಿಕೊಂಡಳು. ಸಾಕ್ಷಿ ಹೇಳುವ ದಿನ ಬೆಳಗಿನಲ್ಲಿ ಮಾಸಿದ ಸೀರೆಯಲ್ಲಿ ಹೊರಟುನಿಂತವಳನ್ನು ತಡೆದದ್ದು ನಾನು. ನಮ್ಮ ಕಡೆ ದೊಡ್ಡವರ ಮುಂದೆ ಹೋಗುವಾಗ ಇದ್ದುದರಲ್ಲಿ ಒಳ್ಳೆಯದನ್ನು ಉಟ್ಟು ಹೋಗಬೇಕು, ಇಲ್ಲದಿದ್ದರೆ ನೆರೆಯವರಿಂದ ತಂದಾದರೂ ಉಡಬೇಕು. ಅವ್ವನ ಇಳಕಲ್ ಸೀರೆ ಉಡಿಸಿದೆ. ಅವ್ವನದೇ ಬೋರಮಾಳ ಸರವನ್ನು ನನ್ನ ಕೈಯಾರೆ ಅವಳ ಕೊರಳಿಗೆ ಹಾಕಿದೆ. ಕನ್ನಡಿ ನೋಡಿಕೊಂಡು ಅವಳು ಸೆರಗು ಸರಿಮಾಡಿಕೊಂಡಳು.

ಕಟಕಟೆಯಲ್ಲಿ ನಿಂತವಳನ್ನು ಗಂಡನ ಕಡೆಯ ವಕೀಲ ಮೇಲಿಂದ ಕೆಳಗೆ ನೋಡಿದ. ಹೊಟ್ಟೆಗಿಲ್ಲ ಎಂದು ಅರ್ಜಿ ಹಾಕಿದ್ದೀರಿ, ಕೊರಳಲ್ಲಿ ಬಂಗಾರ ಇದೆಯಲ್ಲ, ಆ ಸರ ಯಾರದು ಎಂದು ಕೇಳಿದ. ಗಿರಿಜಕ್ಕ ಒಮ್ಮೆ ಎದುರಿಗೆ ಬೆಂಚಿನ ಮೇಲೆ ಕೂತಿದ್ದ ಗಂಡನ ಕಡೆ ನೋಡಿದಳು. ಅವನೂ ಅವಳನ್ನೇ ನೋಡುತ್ತಿದ್ದ.

“ನಂದ ಐತ್ರಿ,” ಎಂದಳು.

ಹಿಂದೆ ಕೂತಿದ್ದ ನಾನು ಎದ್ದುನಿಂತು ಅದು ನಮ್ಮ ಅವ್ವನದು ಎಂದು ಅನ್ನಬಹುದಿತ್ತೋ ಏನೋ, ಅನ್ನಲಿಲ್ಲ. ತಿಂಗಳ ಮೇಲೆ ಹುಕುಂ ಬಂತು. ಮಗಳಿಗೆ ಅಷ್ಟಿಷ್ಟು, ತಾಯಿಗೆ ಏನೂ ಇಲ್ಲ. ಸಾಕ್ಷಿಯ ದಿನ ತಿರುಗಿ ಬರುವಾಗಲೇ ಅವಳು ಬಸ್ಸಿನಲ್ಲಿ ಸರ ಬಿಚ್ಚಿ ಕರವಸ್ತ್ರದಲ್ಲಿ ಗಂಟು ಕಟ್ಟಿ ನನ್ನ ತೊಡೆಯ ಮೇಲಿಟ್ಟಿದ್ದಳು. ಯಾಕೆ ಹಾಗೆಂದೆ ಎಂದು ನಾನು ಕೇಳಿದ್ದಕ್ಕೆ, “ಅವರ ಮುಂದ ಎರವಲ ತಂದೇನಿ ಅಂತ ಹೆಂಗ ಅನ್ಲಿ?” ಎಂದಳು. ನನ್ನನ್ನು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆಮೇಲೆ ಒಂದು ದಿನವೂ ಅವಳು ಆ ಸರದ ಮಾತೆತ್ತಲಿಲ್ಲ.

ಎರಡು ವರ್ಷದ ಮೇಲೆ ಅವಳ ವಕೀಲರು ಮತ್ತೊಮ್ಮೆ ಅರ್ಜಿ ಹಾಕಿಸಿದರು. ಈ ಸಲ ಮಾತ್ರ ಕೆಲಸಕ್ಕೆ ಹೋಗುವ ಬಟ್ಟೆಯಲ್ಲೇ ಬರಬೇಕು, ಶೃಂಗಾರ ಬೇಡ ಎಂದು ನನ್ನ ಕಡೆ ನೋಡಿಯೇ ಹೇಳಿದರು. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವಳು ಗಿರಿಜಕ್ಕ. ಬೆಳಗಿನ ಜಾವದಿಂದ ಎರಡು ಚೀಲ ಮೆಣಸಿನಕಾಯಿ ಬಿಡಿಸಿ, ಅಲ್ಲಿಂದ ಎದ್ದವಳು ಹಾಗೇ ಹಾವೇರಿಯ ಬಸ್ಸು ಹತ್ತಿದಳು. ಬಸ್ಸಿನಲ್ಲಿ ನಮ್ಮ ಹಿಂದಿನ ಸೀಟು ಖಾಲಿಯಾಯಿತು. ಕೋರ್ಟಿನ ಆ ಸಣ್ಣ ಹಾಲಿನಲ್ಲಿ, ತಿರುಗುವ ಫ್ಯಾನಿನ ಕೆಳಗೆ ನಿಂತು ಅವಳು ಸೆರಗು ಕೊಡವಿ ಹೊದ್ದುಕೊಂಡಳು ನೋಡಿ, ಮೊದಲು ಬೆರಳಚ್ಚುಗಾರ ಸೀನಿದ, ಆಮೇಲೆ ಅಟೆಂಡರು, ಆಮೇಲೆ ಸಾಕ್ಷಾತ್ ನ್ಯಾಯಾಧೀಶರು. ಪ್ರಶ್ನೆ ಕೇಳಲು ಎದ್ದ ಎದುರು ವಕೀಲ ಕೆಮ್ಮಿ ಕೆಮ್ಮಿ ಕಣ್ಣೊರೆಸಿಕೊಳ್ಳುತ್ತ ಕೂತೇಬಿಟ್ಟ. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ. ಆ ಕೋರ್ಟಿನಲ್ಲಿ ನಾನು ನಕ್ಕದ್ದು ಅದೊಂದೇ ದಿನ.

ನ್ಯಾಯಾಧೀಶರು ಮೈಸೂರು ಕಡೆಯವರು. ಫ್ಯಾನ್ ಆರಿಸಲು ಹೇಳಿ, “ದಿನಾ ಇದರಲ್ಲೇ ಕೂತಿರ್ತೀರಾ ನೀವು?” ಎಂದು ಕೇಳಿದರು.

“ಹೂನ್ರಿ ಸಾಹೇಬ್ರ. ನಮಗ ರೂಢಿ ಆಗೇತ್ರಿ. ನಿಮಗ ಸುಮ್ಮನ ತ್ರಾಸ ಕೊಟ್ಟಂಗಾತು, ತಪ್ಪು ತಿಳಕೋಬ್ಯಾಡ್ರಿ,” ಎಂದು ಗಿರಿಜಕ್ಕ ಕೈಮುಗಿದಳು.

ಆ ಸಲ ಅವಳಿಗೂ ಮಗಳಿಗೂ ಸೇರಿ ಸುಮಾರಾದ ಮೊತ್ತವೇ ಆಯಿತು. ಓಣಿಯಲ್ಲಿ ಎಲ್ಲರ ಮನೆಗೂ ಸಕ್ಕರೆ ಹಂಚಿದಳು. ಗಂಡ ಐದಾರು ತಿಂಗಳು ಕೊಟ್ಟ, ಆಮೇಲೆ ನಿಲ್ಲಿಸಿದ. ಅಲ್ಲಿಂದ ಶುರುವಾಯಿತು ಬಾಕಿ ವಸೂಲಿಗೆ ಕೋರ್ಟಿನ ತಾರೀಖಿನ ಮೇಲೆ ತಾರೀಖು. ಅವನು ಒಮ್ಮೆ ಬಂದರೆ ಮೂರು ಸಲ ಬರುತ್ತಿರಲಿಲ್ಲ. ಇವಳು ಒಂದನ್ನೂ ತಪ್ಪಿಸಲಿಲ್ಲ. ಹಾವೇರಿಗೆ ಹೋದ ದಿನದ ಕೂಲಿ ಹೋಗುತ್ತಿತ್ತು, ಬಸ್ಸಿನ ಖರ್ಚು ಬೇರೆ. ಏನಾಯಿತು ಅಕ್ಕ ಎಂದರೆ, “ಹುಕುಂ ಐತಿ. ಕಾಗದದ ಮ್ಯಾಲಿನ ಜ್ವಾಳ ಬೀಸಾಕ ಬರತೈತೇನು?” ಎಂದು ಬಾಗಿಲು ತೆಗೆಯುತ್ತಿದ್ದಳು.

ಬಾಕಿ ಕೊಡದವನ ಮೇಲೆ ವಾರಂಟು ಹೊರಡಿಸಬಹುದು, ಜೈಲಿಗೂ ಹಾಕಿಸಬಹುದು ಎಂದು ವಕೀಲರು ಹೇಳುತ್ತಲೇ ಇದ್ದರು. ಒಂದು ಸಹಿ ಸಾಕಿತ್ತು. ಗಿರಿಜಕ್ಕ ಮಾಡಲಿಲ್ಲ. ಆಗ ನನಗೆ ಹಾವೇರಿಯ ಶಾಲೆಯೊಂದರಲ್ಲಿ ಮಾಸ್ತರಿಕೆ ಸಿಕ್ಕು, ಮಾತಿನಲ್ಲಿ ಸ್ವಲ್ಪ ಜೋರು ಬಂದಿತ್ತು. ನಿನ್ನ ಮಗಳ ಫೀಸಿಗಿಂತ ಅವನ ಮಾನ ಹೆಚ್ಚಾಯಿತೇ ಎಂದು ಜಗಳಕ್ಕೇ ಬಿದ್ದೆ.

“ಆ ಮನ್ಯಾಗ ಎರಡು ಸಣ್ಣ ಹುಡುಗ್ರು ಅದಾವು,” ಎಂದಳು ಅವಳು. “ಪೊಲೀಸರು ಅಪ್ಪನ್ನ ಎಳಕೊಂಡು ಹೋಗೂದು ನೋಡಿದ್ರ ಅವು ಎಲ್ಲಿ ಹೋಗ್ಬೇಕು? ಅವೇನು ತಪ್ಪು ಮಾಡ್ಯಾವು?”

ಆ ಮಾತು ತಪ್ಪೆಂದು ನಾನು ಇವತ್ತಿಗೂ ಅನ್ನಲಾರೆ. ಆದರೆ ಅವಳ ಒಳ್ಳೆಯತನದ ಮೇಲೆ ನನಗೆ ಇನ್ನೂ ಸಿಟ್ಟಿದೆ, ಏಕೆಂದರೆ ಅದರ ಬೆಲೆಯನ್ನು ಅವಳು ತನ್ನ ಎದೆಯಿಂದ ತೆತ್ತಳು. ಸುಮಾಗೆ ನರ್ಸಿಂಗ್ ಸೀಟು ಸಿಕ್ಕ ವರ್ಷವೇ ಗಿರಿಜಕ್ಕನಿಗೆ ದಮ್ಮು ಹತ್ತಿತ್ತು. ಈ ಧೂಳಿನ ಕೆಲಸ ಬಿಡದಿದ್ದರೆ ಔಷಧ ನಾಟುವುದಿಲ್ಲ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಅವಳು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಎರಡು ಕಡೆ ಕೆಲಸ ಹಿಡಿದಳು. ಇನ್ನು ಎರಡು ವರ್ಷದ ಫೀಸು, ಇನ್ನು ಒಂದೇ ವರ್ಷದ್ದು ಎಂದು ನನಗೇ ಸಮಾಧಾನ ಹೇಳುತ್ತಿದ್ದಳು. ಸುಮಾ ಪಾಸಾಗಿ ಹಾವೇರಿಯ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ ಗಿರಿಜಕ್ಕ ಕೆಲಸ ಬಿಟ್ಟಳು. ಅಷ್ಟರಲ್ಲಿ ದಮ್ಮು ವಾಸಿಯಾಗುವ ಹಂತ ದಾಟಿತ್ತು.

ನಾನು ಕೊನೆಯ ಸಲ ನೋಡಿದ್ದು ಮಗಳು ಕೆಲಸ ಮಾಡುವ ಆಸ್ಪತ್ರೆಯಲ್ಲೇ. ಮೂಗಿಗೆ ಆಕ್ಸಿಜನ್ ನಳಿಗೆ. ಎರಡು ಮಾತಿಗೊಮ್ಮೆ ನಿಲ್ಲುತ್ತಿದ್ದಳು. ನಾನು ಏನೇನೋ ಹೇಳಬೇಕೆಂದು ಹೋದವಳು ಅವಳ ಕಾಲು ತಿಕ್ಕುತ್ತ ಕೂತೆ. “ಈ ತಿಂಗಳ ತಾರೀಖು ಮಂಗಳವಾರ ಐತಿ,” ಎಂದಳು. “ನನಗ ಬರಾಕ ಆಗೂದಿಲ್ಲ ಅಂತ ವಕೀಲರಿಗೆ ಒಂದು ಮಾತು ಹೇಳವ್ವ. ದಾರಿ ಕಾಯೂದು ಬ್ಯಾಡ.” ಆ ಮಂಗಳವಾರಕ್ಕೆ ಅವಳು ತೀರಿಕೊಂಡು ಎರಡು ದಿನವಾಗಿತ್ತು.

ತಾಯಿ ಮಾಡದ ಸಹಿಯನ್ನು ಮಗಳು ಮಾಡಿದಳು. ವಾರಸುದಾರಳಾಗಿ ಸುಮಾ ವಾರಂಟಿಗೆ ಅರ್ಜಿ ಕೊಟ್ಟಳು. ಅದು ಹೊರಟ ಸುದ್ದಿ ತಿಳಿದದ್ದೇ ತಡ, ಇಷ್ಟು ವರ್ಷ ಇಲ್ಲದ ದುಡ್ಡು ಅವನಿಗೆ ಒಂದೇ ವಾರದಲ್ಲಿ ಹುಟ್ಟಿತು. ಹೋದ ವರ್ಷ, ಅವನು ಬಾಕಿ ಕಟ್ಟುವ ದಿನ, ನಾನು ರಜೆ ಹಾಕಿ ಸುಮಾಳ ಜೊತೆ ಕೋರ್ಟಿಗೆ ಹೋದೆ. ಅವನು ತಲೆ ನರೆತು, ಕೈಚೀಲ ಎದೆಗವಚಿಕೊಂಡು ಮೂಲೆಯಲ್ಲಿ ನಿಂತಿದ್ದ. ಸುಮಾ ಈ ಹಣ ಬೇಡ ಎಂದು ಎಸೆಯುತ್ತಾಳೇನೋ ಎಂದು ನನಗೆ ಒಳಗೊಳಗೇ ಅಳುಕಿತ್ತು. ಅವಳಿಗೆ ಅಂಥ ಯೋಚನೆಯೇ ಇರಲಿಲ್ಲ. “ಬ್ಯಾಡ ಅನ್ನಾಕ ನಾ ಯಾರ್ರಿ ಅಕ್ಕ, ಇದರ ಸಲುವಾಗಿ ನಮ್ಮವ್ವ ಎಷ್ಟು ಅಡ್ಡಾಡ್ಯಾಳ,” ಎಂದವಳೇ ನೋಟುಗಳನ್ನು ಸಾವಕಾಶವಾಗಿ ಎಣಿಸಿ, ವಕೀಲರು ತೋರಿಸಿದಲ್ಲಿ ಸಹಿ ಹಾಕಿದಳು.

ಹೊರಗೆ ವರಾಂಡದಲ್ಲಿ ಅವನು ಹಿಂದೆಯೇ ಬಂದ. ಏನಾದರೂ ಮಾತಾಡಬೇಕೆಂದು ಅನ್ನಿಸಿರಬೇಕು.

“ಛಲೋ ಆತವ್ವ. ನಿನ್ನ ಸಾಲಿ ಫೀಜಿಗೆ ಆಗತೈತಿ,” ಎಂದ. “ಈಗ ಎಷ್ಟನೇತ್ತ ಓದಾಕತ್ತಿ?”

ಸುಮಾ ಅವನ ಮುಖವನ್ನೇ ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದವಾಖಾನೆಯಲ್ಲಿ ಗುರುತಿಲ್ಲದ ಹಿರಿಯರಿಗೆ ಹೇಳುವ ಹಾಗೆಯೇ ಹೇಳಿದಳು.

“ನಂದು ಓದು ಮುಗದು ಎರಡು ವರ್ಷ ಆತ್ರಿ. ಅವ್ವ ಓದಿಸಿದ್ಲು.”