ನಂದಿಬಟ್ಟಲಿನ ಎಡಮುರಿ, ಬಲಮುರಿ

ಆಗಸ್ಟ್ 4, ಬೆಳಿಗ್ಗೆ ಆರೂ ಹತ್ತು. ಬಂಗಾರಪೇಟೆ ಹತ್ತಿರದ ನಮ್ಮ ಮನೆಯಲ್ಲಿ, ನೀರಿನ ತೊಟ್ಟಿಯ ಪಕ್ಕದ ನಂದಿಬಟ್ಟಲು ಗಿಡದ ಹೂವೆಣಿಸಲು ಶುರು ಮಾಡಿದೆ. ಅದರ ಐದು ದಳಗಳೂ ಗಿರಗಟ್ಟೆಯಂತೆ ಒಂದೇ ಕಡೆಗೆ ತಿರುಗಿರುತ್ತವೆ. ಬಲಕ್ಕಾದರೆ ಬಲಮುರಿ, ಎಡಕ್ಕಾದರೆ ಎಡಮುರಿ ಎಂದು ಎರಡು ಕಾಲಂ ಎಳೆದುಕೊಂಡೆ. ಭಾನುವಾರ ನನಗೆ ರಾಬರ್ಟ್‌ಸನ್‌ಪೇಟೆಯಲ್ಲಿ ಕಂಪ್ಯೂಟರ್ ಕ್ಲಾಸು. ಆ ದಿನ ಅಜ್ಜಿ ಹೂ ಕಟ್ಟುತ್ತಲೇ ಎರಡು ಲೋಟಗಳಿಗೆ ಹುಣಸೆಬೀಜ ಹಾಕಿ ಲೆಕ್ಕ ಇಡುತ್ತಿದ್ದರು.

ನಾಲ್ಕು ವಾರಕ್ಕೆ 212 ಹೂವು. ನಾನು ಎಣಿಸಿದ 174 ಒಂದು ಕಾಲಮ್ಮಿನಲ್ಲಿ, ಭಾನುವಾರಗಳ 38 ಇನ್ನೊಂದರಲ್ಲಿ. ಇದನ್ನು ಅಜ್ಜಿಗೆ ಓದಿ ಹೇಳಿದ್ದೇ ತಪ್ಪಾಯಿತು.

“ಒಂದೇ ಗಿಡದಾಗೆ ಎಡಮುರಿನೂ ಬಲಮುರಿನೂ ಬತ್ತದಾ? ಅಂಥ ಊವು ದೇವ್ರಿಗಾಗಾಕಿಲ್ಲ. ನಿಮ್ಮಪ್ಪ ಬರ್ಲಿ, ಕೀಳಿಸ್ತೀನಿ.”

ಸಂಜೆಗೆ ಗುದ್ದಲಿ ತೊಟ್ಟಿಗೆ ಒರಗಿ ನಿಂತಿತ್ತು. ಒಂದು ದಿನ ತಡೆಯಿರಿ ಎಂದು ಬೇಡಿಕೊಂಡೆ. ಬೆಳಿಗ್ಗೆ ಒಂದು ಹೂ ಕಿತ್ತು ಅಜ್ಜಿಯ ಎದುರು ಕೂತು, ಇಬ್ಬರ ನಡುವೆ ಹಿಡಿದೆ. ನಾನು ಒಂದು ಹೇಳಿದರೆ ಅಜ್ಜಿ ಇನ್ನೊಂದು ಹೇಳಿದರು.

“ಕಣ್ಣೋಗಿರೋದು ನಂಗಾ, ನಿಂಗಾ?”

ಹೂವನ್ನು ತಿರುಗಿಸಿ ಹಿಡಿದೆ. ಈಗ ಅಜ್ಜಿ ಹೇಳಿದ್ದು ನನ್ನ ಮೊದಲಿನ ಉತ್ತರ. ಹೂ ಕಟ್ಟುವಾಗ ತೊಟ್ಟು ಅವರ ಕಡೆಗಿರುತ್ತದೆ.

“ಅಂಗಾರೆ ನಾಲ್ಕು ವಾರ ಊವಿನ ಬೆನ್ನೆಣಿಸಿದ್ನಾ? ಮೊದ್ಲೇ ಏಳ್ಬಾರ್ದೇನಮ್ಮಿ,” ಎಂದು ನಗುತ್ತ ಅಜ್ಜಿ ತಾವೇ ಗುದ್ದಲಿಯನ್ನು ಕೊಟ್ಟಿಗೆಯಲ್ಲಿ ಇಟ್ಟು ಬಂದರು. ನಾನು ಕಾಲಂ ತಿದ್ದಿದೆ: 212ಕ್ಕೆ 212 ಒಂದೇ ಕಡೆ.

ಕಾಲೇಜಿನ ಸಸ್ಯಶಾಸ್ತ್ರದ ಮೇಡಂ ಮೊಗ್ಗೊಂದನ್ನು ಅಡ್ಡ ಕೊಯ್ದು ತೋರಿಸಿದರು. ಪ್ರತಿ ದಳದ ಒಂದು ಅಂಚು ಪಕ್ಕದ ದಳದ ಮೇಲೆ, ಇನ್ನೊಂದು ಅಂಚು ಕೆಳಗೆ. ಯಾವ ಅಂಚು ಮೇಲೆಂಬುದು ಮೊಗ್ಗು ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿರುವಾಗಲೇ ತೀರ್ಮಾನವಾಗಿರುತ್ತದೆ. ನಂದಿಬಟ್ಟಲಿನ ವಂಶದಲ್ಲಿ ಅದು ತಲೆಮಾರುಗಳಿಂದ ಗಟ್ಟಿಯಾಗಿದೆ. ಹೂವಿನ ಬಣ್ಣ, ಅಳತೆ ಬದಲಾದರೂ ತಿರುವು ಸುಲಭಕ್ಕೆ ಬದಲಾಗದು. ದಾಸವಾಳದಲ್ಲಿ ಹಾಗೆ ಗಟ್ಟಿಯಾಗಿಲ್ಲ. ನಮ್ಮ ಹಿತ್ತಲಿನ ಒಂದೇ ದಾಸವಾಳದ ಗಿಡದಲ್ಲಿ 46 ಹೂ ಎಣಿಸಿದೆ, ಎಲ್ಲವನ್ನೂ ಮುಂದಿನಿಂದಲೇ: 25 ಒಂದು ಕಡೆ, 21 ಇನ್ನೊಂದು ಕಡೆ.

ಈ ಲೆಕ್ಕವನ್ನು ಅಜ್ಜಿಗೆ ಇನ್ನೂ ಓದಿ ಹೇಳಿಲ್ಲ.

ಒಂದು ವಂಶಕ್ಕೆ ಮಾತ್ರ ಈ ಕಟ್ಟುಪಾಡು ಏಕೆ ಬಿತ್ತೆಂದು ಬಲ್ಲವರು ದಯವಿಟ್ಟು ನನಗೆ ಬರೆಯಿರಿ. ನೀವೂ ಎಣಿಸಿದ್ದರೆ ಹೂವಿನ ಮುಖ ನೋಡಿದಿರೋ ಬೆನ್ನೋ, ಅದನ್ನೂ ತಿಳಿಸಿ.