ಬಿಡಾರಕ್ಕೆ ನಾಯಿ ಬರಬಹುದೇ?

ಜಮಖಾನ ಒದರುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಸ್ನೇಹಿತರೇ. ಅದರ ನೇಯ್ಗೆಯೊಳಗೆ ಹೊಕ್ಕ ಕಂದು ಕೂದಲು ಎಷ್ಟು ಒಗೆದರೂ, ಬಿಸಿಲಿಗೆ ಹಾಕಿ ಕೋಲಿನಿಂದ ಬಡಿದರೂ ಬಿಟ್ಟುಹೋಗುವುದಿಲ್ಲ. ಅದು ನಮ್ಮ ದೊಡ್ಡಪ್ಪನ ನಾಯಿ ಕೆಂಚನ ಕೂದಲು; ಬಿಡಾರದಲ್ಲಿ ಹಾಸುತ್ತಿದ್ದ ಈ ಜಮಖಾನದ ಮೇಲೆಯೇ ಅದು ಮಲಗುತ್ತಿತ್ತು. ಚಾಮರಾಜನಗರದ ನನ್ನ ಬಾಡಿಗೆ ಮನೆಯ ತಾರಸಿಯಲ್ಲಿ ನಿಂತು ಅದನ್ನು ಒಂದೊಂದಾಗಿ ಕೀಳುತ್ತ, ದೇವರ ಬಿಡಾರಕ್ಕೆ ನಾಯಿಯನ್ನು ಕರೆದೊಯ್ಯಬಹುದೇ ಎಂಬ, ಹೊರಗಿನವರಿಗೆ ನಗು ತರಿಸುವ ಪ್ರಶ್ನೆಯನ್ನು ನನ್ನೊಳಗೇ ಎಷ್ಟು ಸಲ ವಾದಿಸಿದ್ದೇನೋ! ಒಂದು ಕಡೆ ಗೆದ್ದಿತೆನ್ನುವಷ್ಟರಲ್ಲಿ ಇನ್ನೊಂದು ಕಡೆ ಎದ್ದು ಕೂರುತ್ತದೆ.

ತೊಂಬತ್ತರ ದಶಕದ ಮಾತು. ಸುಗ್ಗಿ ಮುಗಿದ ಮೇಲೆ ಹರವೆಯ ನಮ್ಮ ಒಕ್ಕಲಿನವರೆಲ್ಲ ಗುಂಡ್ಲುಪೇಟೆ ದಾಟಿ, ಆ ತಾಲೂಕಿನದೇ ಮದ್ದೂರಿನ ಕಡೆಯ ಕಾಡಂಚಿನ ಗುಡಿಗೆ ಹೋಗಿ, ಮರದಡಿ ಟಾರ್ಪಾಲು ಕಟ್ಟಿ, ಮೂರು ಕಲ್ಲಿನ ಒಲೆ ಹೂಡಿ, ಎರಡು ದಿನ ಅಲ್ಲೇ ಉಂಡು ಅಲ್ಲೇ ಮಲಗುವುದು ವಾಡಿಕೆ. ಟೆಂಪೋ ನಿಲ್ಲುವ ಜಾಗದಿಂದ ಗುಡಿಯವರೆಗೆ ಕಲ್ಲುದಾರಿಯಲ್ಲಿ ನಡೆದೇ ಹೋಗಬೇಕು. ದೊಡ್ಡಪ್ಪನ ಎರಡೂ ಕಣ್ಣು ಮಂಜಾಗಿ, ಬೆಳಕು ಕತ್ತಲೆ ತಿಳಿಯುತ್ತಿತ್ತೇ ಹೊರತು ಮುಖ ತಿಳಿಯುತ್ತಿರಲಿಲ್ಲ. ಆಪರೇಷನ್ ಎಂದರೆ ಕೈಮುಗಿದುಬಿಡುತ್ತಿದ್ದ. ಕೆಂಚನ ಕೊರಳಿಗೊಂದು ಪುಟ್ಟ ಗಂಟೆ ಕಟ್ಟಿ, ಅದರ ಸದ್ದು ಹಿಡಿದು ಹೊಲಕ್ಕೂ ಹೋಗುತ್ತಿದ್ದ, ದೇವರಿಗೂ ಹೋಗುತ್ತಿದ್ದ. ಯಾರಾದರೂ ಕೈ ಹಿಡಿಯಲು ಬಂದರೆ ಮಾತ್ರ ಕೊಡವಿಬಿಡುತ್ತಿದ್ದ.

ಹಿಂದಿನ ವರ್ಷ ಬಿಡಾರದ ಸುತ್ತ ಚಿರತೆಯೊಂದು ಸುಳಿದುಹೋಗಿತ್ತು. ನಾಯಿಯ ಆಸೆಗೇ ಬಂದದ್ದೆಂದು ಎಲ್ಲರ ತೀರ್ಮಾನ. ಸಾಲದ್ದಕ್ಕೆ ಕೆಂಚ ದೇವರಿಗಿಟ್ಟ ಎಡೆಗೆ ಬಾಯಿ ಹಾಕಿ, ಇಡೀ ಅಡುಗೆಯನ್ನು ಹೊಸದಾಗಿ ಮಾಡಿಸಿತ್ತು. ಹಾಗಾಗಿ ಈ ಸಲ ದೊಡ್ಡಪ್ಪನ ಮಗ, ಬಸ್ ಕಂಡಕ್ಟರ್ ಶಿವಮಲ್ಲು, ತನ್ನ ಎಳೆಯ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ನಾಯಿ ಬ್ಯಾಡ ಕಣಪ್ಪ. ಚಿರ್ತೆ ನಾಯಿಗೆ ಅಂತ ಬಂದು ಕೂಸ ಎತ್ಕಂಡೋದ್ರೆ ಏನ್ ಮಾಡನ?" ಎಂದ.

"ಅದು ಬರ್ನಿಲ್ಲ ಅಂದ್ರೆ ನಾನೂ ಬರಕಿಲ್ಲ, ಬುಡ್ಲಾ" ಎಂದು ದೊಡ್ಡಪ್ಪ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟ.

ಹೇಳಿ, ಯಾರದು ಸರಿ? ಕೂಸಿಗಾಗಿ ಹೆದರಿದ ತಂದೆಯನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಊರ ನಾಯಿ ಕಾಡಿನ ಮಿಗಗಳಿಗೆ ರೋಗ ಅಂಟಿಸುತ್ತದೆಂದು ಫಾರೆಸ್ಟ್ ಗಾರ್ಡ್ ಗದರುತ್ತಿದ್ದುದೂ ಸುಳ್ಳಲ್ಲ. ಆದರೆ ಅಯ್ಯೋ, ಆ ಗುಡಿಯಲ್ಲಿ ದೇವರು ಕುಳಿತಿರುವುದೇ ಹುಲಿಯ ಮೇಲೆ! ಹುಲಿಗೆ ಗರ್ಭಗುಡಿಯಲ್ಲೇ ಜಾಗ ಕೊಟ್ಟು, ವಿಭೂತಿ ಬಳಿದು, ಉದ್ದಂಡ ಅಡ್ಡಬೀಳುವ ನಾವು, ವರ್ಷವಿಡೀ ಅಂಗಳ ಕಾಯ್ದ ನಾಯಿಯನ್ನು ಹಬ್ಬದ ದಿನ ಕಟ್ಟಿಹಾಕಿ ಹೊರಡುತ್ತೇವೆ. ಒಬ್ಬರದಾದರೂ ತಪ್ಪಿದ್ದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಎಲ್ಲರೂ ಸರಿಯಿದ್ದಾಗ ಕೂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ. ಹೊರಡುವ ಹಿಂದಿನ ದಿನವೆಲ್ಲ ನಾನು ಕಟ್ಟಿದ ಗಂಟನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದೆ.

ಕೊನೆಗೆ ಶಿವಮಲ್ಲುವೇ ಒಂದು ಉಪಾಯ ಹೂಡಿದ. ಕೆಂಚನ ಗಂಟೆ ಬಿಚ್ಚಿಕೊಂಡು, ನಾಯಿಯನ್ನು ಪಕ್ಕದ ಮನೆಯ ಕೊಟ್ಟಿಗೆಯಲ್ಲಿ ಕಟ್ಟಿ, "ಕೆಂಚ ಮುಂದ್ಲು ಟೆಂಪೋಲಿ ಅದೆ ಕಣಪ್ಪ, ಏಳು" ಎಂದು ಅಪ್ಪನನ್ನು ನಂಬಿಸಿ ಹತ್ತಿಸಿದ. ಕಲ್ಲುದಾರಿ ಬಂದಾಗ ತಾನೇ ಗಂಟೆ ಅಲ್ಲಾಡಿಸುತ್ತ ಮುಂದೆ ನಡೆದ. ದೊಡ್ಡಪ್ಪ ಆ ಸದ್ದಿನ ಹಿಂದೆ ಕೋಲೂರಿಕೊಂಡು, ಅಲ್ಲಲ್ಲಿ ಮುಗ್ಗರಿಸುತ್ತ ಬಂದ. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ನನಗೆ ಮಾತ್ರ ಬೇಗ ಗುಡಿ ಬಂದರೆ ಸಾಕಪ್ಪಾ ಎನ್ನಿಸುತ್ತಿತ್ತು.

ಮಧ್ಯಾಹ್ನ ಪೂಜೆ ಮುಗಿದು ಎಲ್ಲರೂ ಸಾಲಾಗಿ ಊಟಕ್ಕೆ ಕುಳಿತಾಗ, ದೊಡ್ಡಪ್ಪ ತನ್ನ ಪಕ್ಕ ಇನ್ನೊಂದು ಎಲೆ ಹಾಕಲು ನನಗೆ ಹೇಳಿದ. ಹಾಕಿದೆ; ಅನ್ನ, ಅವರೆಕಾಳಿನ ಸಾರು ಬಡಿಸಿದೆ.

"ಗಂಟೆ ಆಡುಸ್ಕಂಡು ಬಂದೋನು ಯಾರಪ್ಪ? ಬಾ, ಉಣ್ಣು. ನಡ್ದು ನಡ್ದು ಅಸ್ದಿರ್ತೀಯ" ಎಂದ.

ಶಿವಮಲ್ಲು ತನ್ನ ಎಲೆ ಬಿಟ್ಟು ಎದ್ದು ಬಂದು, ನಾಯಿಗೆಂದು ಹಾಕಿದ ಆ ಎಲೆಯ ಮುಂದೆ ತಲೆ ತಗ್ಗಿಸಿ ಕುಳಿತ. ದೊಡ್ಡಪ್ಪನ ಕೈ ಗಾಳಿಯಲ್ಲಿ ತಡಕಾಡಿ ಮಗನ ಕತ್ತಿನ ಮೇಲೆ ಬಂದು ನಿಂತಿತು. ಅಪ್ಪಳ ಹಾಕಲು ಬಗ್ಗಿದ ನಾನು ಆಗ ನೋಡಿದೆ: ದೊಡ್ಡಪ್ಪನ ಕಾಲಿನ ಹೆಬ್ಬೆರಳಿನ ಉಗುರು ಕಿತ್ತು, ಪಾದದ ತುಂಬ ರಕ್ತ ಹೆಪ್ಪುಗಟ್ಟಿತ್ತು.

"ಕಲ್ಲು ಬಂದ ಕಡೆ ಕೆಂಚ ನಿಂತ್ಕತಿತ್ತು ಕಣ್ಲಾ" ಎಂದ ದೊಡ್ಡಪ್ಪ, ಮೆಲ್ಲಗೆ. "ನೀನು ನಿಲ್ನೇ ಇಲ್ಲ."