ಹೆಸರೆತ್ತಿ ಬೇಡುವ ಪಾಸ್ಟರಮ್ಮ

ಪ್ರಭಾ ನನಗೆ ಸಿಕ್ಕಿದ್ದು ಹಿಲ್ಸ್‌ಬರೋದ ಇಂಡಿಯನ್ ಅಂಗಡಿಯಲ್ಲಿ, ಜೋಳದ ಹಿಟ್ಟಿನ ಮುಂದೆ ಜಗಳವಾಡುತ್ತಾ. ಹಿಟ್ಟು ಮುಗ್ಗಲು ವಾಸನೆ ಹೊಡೆಯುತ್ತಿದೆ ಎಂದು ಅಂಗಡಿಯವನನ್ನು ನಿಲ್ಲಿಸಿಕೊಂಡು ದಬಾಯಿಸುತ್ತಿದ್ದಳು. ಧ್ವನಿ ಕಿವಿಗೆ ಬಿದ್ದ ಕೂಡಲೇ ಇದು ನಮ್ಮ ಗದಗ-ಬೆಟಗೇರಿಯ ಗಂಟಲು ಎಂದು ಗೊತ್ತಾಯಿತು. ಕುತ್ತಿಗೆಯ ಬಿಳಿ ಕಾಲರ್ ಕಂಡು ಮಾತ್ರ ದಂಗಾದೆ. ನಮ್ಮ ಕಡೆಯ ಹೆಂಗಸು ಪಾದ್ರಿಯಾದದ್ದನ್ನು ನಾನು ಅಲ್ಲಿಯವರೆಗೆ ಕಂಡವಳಲ್ಲ.

"ಯಾವ ಓಣಿ?" ಎಂದೆ.

"ಜರ್ಮನ್ ದವಾಖಾನಿ ಹಿಂದ," ಎಂದಳು.

"ಅಯ್ಯ ಶಿವನ, ನಾ ಗುರುಸಿದ್ದಮ್ಮ, ಹುಟ್ಟಿದ್ದೇ ಆ ದವಾಖಾನ್ಯಾಗ!"

"ಹಂಗಾರ ನಮ್ಮವ್ವನ ಕೈಯಾಗ ಹುಟ್ಟಿರ್ತೀರಿ ಬಿಡ್ರಿ ಗುರುಸಿದ್ದಕ್ಕ. ಆಕಿ ಅಲ್ಲೇ ನರ್ಸ್ ಇದ್ಲು."

ಆಮೇಲೆ ಇನ್ನೇನು ಬೇಕು! ಅಂದೇ ಮನೆಗೆ ಕರೆತಂದು ರೊಟ್ಟಿ ಬಡಿದು ಹಾಕಿದೆ. ಉಣ್ಣುತ್ತಾ ತಾಯಿಯ ಕಥೆ ಹೇಳಿದಳು. ಸಂಜೆ ಡ್ಯೂಟಿ ಮುಗಿದ ಮೇಲೆ ಆ ತಾಯಿ ವಾರ್ಡಿನ ನಡುವೆ ನಿಂತು ಪ್ರತಿಯೊಬ್ಬ ರೋಗಿಯ ಹೆಸರೆತ್ತಿ ಪ್ರಾರ್ಥನೆ ಮಾಡುತ್ತಿದ್ದಳಂತೆ. ನೀಲಗಂಗವ್ವ, ಹುಸೇನಬಿ, ಯಲ್ಲಪ್ಪ, ಯಾರಾದರೂ ಸರಿ. ದೇವರಿಗೆ ಎಲ್ಲಾ ಗೊತ್ತಿರುವಾಗ ಹೆಸರು ಏಕೆ ಎಂದು ಚಿಕ್ಕ ಪ್ರಭಾ ಕೇಳಿದ್ದಕ್ಕೆ, "ದೇವರಿಗೆ ಗೊತ್ತದವಾ, ನಾವು ಮರೀಬಾರದಲ್ಲ" ಎಂದಿದ್ದಳಂತೆ. ಮಗಳು ಮಂಗಳೂರಿನಲ್ಲಿ ದೇವಜ್ಞಾನಶಾಸ್ತ್ರ ಓದಿದಳು, ಹುಬ್ಬಳ್ಳಿ ಕಡೆಯ ಚರ್ಚು ಸಭೆಗಳನ್ನು ನೋಡಿಕೊಂಡಳು, ಮದುವೆಯ ಗೋಜಿಗೆ ಹೋಗಲಿಲ್ಲ. ಐವತ್ತು ದಾಟುವ ಹೊತ್ತಿಗೆ ಇಲ್ಲಿಯ ಕನ್ನಡ ಕ್ರೈಸ್ತರ ಸಭೆ ಕರೆಸಿಕೊಂಡಿತು. ವೀಸಾ ಆ ಸಭೆಯದೇ, ಗ್ರೀನ್ ಕಾರ್ಡಿನ ಅರ್ಜಿಯೂ ಆ ಸಭೆಯದೇ. ಸಭೆ ಬೇಡವೆಂದರೆ ಪೆಟ್ಟಿಗೆ ಕಟ್ಟಬೇಕು. ಈ ಊರಿನಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಆ ಸಭೆ ಸೇರುವುದು ಬಾಡಿಗೆಗೆ ಹಿಡಿದ ಹಳೆಯ ಡಚ್ ಚರ್ಚಿನಲ್ಲಿ. ಅದರ ಕಾರ್ಯದರ್ಶಿ ಜೀವನಪ್ಪ ಅಂಕಲ್, ತುಮಕೂರಿನವರು, ಬ್ರಿಡ್ಜ್‌ವಾಟರ್‌ನ ಔಷಧ ಕಂಪನಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಒಳ್ಳೆಯ ಮನುಷ್ಯ, ಆದರೆ ಎಲ್ಲದರಲ್ಲೂ ತನ್ನದೇ ನಡೆಯಬೇಕು. ಹೊಸಬರು ಯಾರೇ ಬರಲಿ, ಅವರ ಮೊದಲ ಪ್ರಶ್ನೆ "ನೀವು ಯಾವ ಮಿಷನ್?" ನಮ್ಮ ಕಡೆಯ ಪ್ರೊಟೆಸ್ಟಂಟರ ರೂಢಿಯೇ ಅದು. ಅಜ್ಜ-ಮುತ್ತಜ್ಜರನ್ನು ಸಭೆಗೆ ಸೇರಿಸಿದವರು ಬಾಸೆಲಿನವರೋ, ವೆಸ್ಲಿಯನ್ನರೋ, ಲಂಡನ್ನಿನವರೋ ಎಂದು ತಿಳಿದರೆ ಊರು, ಮನೆತನ, ಬೀಗರು ಎಲ್ಲಾ ಹೊರಗೆ ಬರುತ್ತದೆ. ಪ್ರಭಾಳ ಜೊತೆ ಕ್ರಿಸ್‌ಮಸ್ ಊಟಕ್ಕೆ ಹೋದಾಗ ನನ್ನನ್ನೂ ಕೇಳಿದರು. "ನಮ್ದು ಮಿಷನ್ ಅಲ್ರೀ, ಮಠ," ಎಂದೆ. ಪಾಪ, ಪಾಯಸ ನೆತ್ತಿಗೇರುವಷ್ಟು ನಕ್ಕರು.

ಹೋದ ವರ್ಷ ನನ್ನ ಮೊಣಕಾಲಿನ ಆಪರೇಷನ್ ಆಯಿತು. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವಳು ಹನಾನ್, ಪ್ಯಾಟರ್‌ಸನ್‌ನಲ್ಲಿ ರೊಟ್ಟಿ ಬೇಕರಿ ನಡೆಸುವ ಪ್ಯಾಲೆಸ್ಟೀನಿ ಹೆಂಗಸು. ಅವಳದೂ ಮೊಣಕಾಲೇ. ಇಬ್ಬರೂ ಸೇರಿ ನರ್ಸುಗಳ ತಲೆ ತಿನ್ನುತ್ತಿದ್ದೆವು. ಪ್ರಭಾ ನನ್ನನ್ನು ನೋಡಲು ಬಂದವಳು ಅವಳ ಕಡೆಗೂ ತಿರುಗಿ, ನಿನಗಾಗಿ ಏನು ಬೇಡಿಕೊಳ್ಳಲಿ ಎಂದು ಕೇಳಿದಳು. ಮೊಣಕಾಲು ಎನ್ನುತ್ತಾಳೆ ಎಂದುಕೊಂಡಿದ್ದೆ. ಹನಾನ್ ಒಮ್ಮೆಲೇ ಅಳತೊಡಗಿದಳು. ತಮ್ಮನ ಮಗ ಫಾದಿ, ಕಾಲೇಜು ಓದುವ ಹುಡುಗ, ಅವನನ್ನು ಇಸ್ರೇಲಿ ಸೈನ್ಯ ಮನೆಯಿಂದ ಎತ್ತಿಕೊಂಡು ಹೋಗಿ ಜೈಲಿನಲ್ಲಿಟ್ಟಿತ್ತು. ಏನು ತಪ್ಪು ಎಂದು ಹೇಳಿಲ್ಲ, ವಿಚಾರಣೆಯಿಲ್ಲ. ಆರು ತಿಂಗಳ ಆದೇಶ ಮುಗಿದರೆ ಮತ್ತೆ ಆರು ತಿಂಗಳು. ಪ್ರಭಾ ಅವಳ ಕೈ ಹಿಡಿದು, "ನಿನ್ನ ಹುಡುಗ ಹೊರಗೆ ಬರುವವರೆಗೆ ಪ್ರತಿ ಭಾನುವಾರ ಅವನ ಹೆಸರೆತ್ತುತ್ತೇನೆ," ಎಂದು ಮಾತು ಕೊಟ್ಟಳು.

ಕೊಟ್ಟಂತೆ ನಡೆದಳು, ಹನಾನ್ ಮನೆಯಲ್ಲೇ ಕೂತು ಫೋನಿನಲ್ಲಿ ಕೇಳಿಸಿಕೊಳ್ಳುತ್ತಿದ್ದಳು. ಕ್ಯಾನ್ಸರಿನ ಶಾಂತಮ್ಮ, ಕೆಲಸ ಹೋದ ಸುನಿಲ, ಜೈಲಿನಲ್ಲಿರುವ ಫಾದಿ. ಅಷ್ಟೇ, ಒಂದು ಹೆಸರು! ಅದಕ್ಕೇ ಬೆಂಕಿ ಬಿತ್ತು. ಚರ್ಚಿನಲ್ಲಿ ರಾಜಕೀಯ ಬೇಡ ಎಂದರು ಜೀವನಪ್ಪ ಅಂಕಲ್. ಇಸ್ರೇಲ್ ದೇವರು ಆರಿಸಿಕೊಂಡ ದೇಶ ಎಂದರು. ನಮ್ಮ ಮಕ್ಕಳ ವೀಸಾ ಗತಿ ಏನು ಎಂದರು. ೨೦೨೩ರ ಅಕ್ಟೋಬರಿನಲ್ಲಿ ಹಮಾಸ್‌ನವರು ಎಳೆದೊಯ್ದ ಇಸ್ರೇಲಿಗಳ ಹೆಸರುಗಳನ್ನು ಇದೇ ಪ್ರಭಾ ತಿಂಗಳುಗಟ್ಟಲೆ ಎತ್ತಿದ್ದಳು. ಆಗ ಇದೇ ಅಂಕಲ್ ಎಲ್ಲರಿಗಿಂತ ಜೋರಾಗಿ ಆಮೆನ್ ಹೇಳಿದ್ದರು. ಆಗ ರಾಜಕೀಯ ಎಲ್ಲಿ ಹೋಗಿತ್ತು? ನನ್ನ ಬಾಯಿ ತುರಿಸುತ್ತಿತ್ತು, ಆದರೆ ನಾನು ಆ ಸಭೆಯವಳಲ್ಲವಲ್ಲ.

ಪ್ರಭಾ ಅಷ್ಟಕ್ಕೇ ನಿಲ್ಲಲಿಲ್ಲ. ಒಬ್ಬ ಲೂಥರನ್ ಪಾದ್ರಿ, ಒಬ್ಬ ಯೆಹೂದಿ ರಬ್ಬಿ, ಒಬ್ಬ ಇಮಾಮ್, ಇವರನ್ನೆಲ್ಲಾ ಕಟ್ಟಿಕೊಂಡು ಇಲ್ಲಿಯ ಸಂಸತ್ತಾದ ಕಾಂಗ್ರೆಸ್ಸಿನ ನಮ್ಮ ಭಾಗದ ಪ್ರತಿನಿಧಿಯ ಆಫೀಸಿನ ಬಾಗಿಲಿಗೆ ಮೇಲಿಂದ ಮೇಲೆ ಹೋದಳು. ಹೋದಾಗಲೆಲ್ಲಾ ಅದೇ ಒಂದು ಪ್ರಶ್ನೆ: ತಪ್ಪು ಮಾಡಿದ್ದರೆ ಕೋರ್ಟಿನಲ್ಲಿ ಹೇಳಿ, ಇಲ್ಲವಾದರೆ ಮನೆಗೆ ಕಳಿಸಿ ಎಂದು ನೀವು ಇಸ್ರೇಲನ್ನು ಕೇಳಿದಿರಾ? ಎದುರಿಗಿನ ರಸ್ತೆಯಲ್ಲಿ ಕೊರೆಯುವ ಚಳಿಯಲ್ಲಿ ಕಾಲರ್ ಮೇಲೆ ಮಫ್ಲರ್ ಸುತ್ತಿಕೊಂಡು ಆ ನಾಲ್ವರು ನಿಂತ ಫೋಟೋ ವಾಟ್ಸ್ಆ್ಯಪಿನಲ್ಲಿ ಓಡಾಡಿತು. ಅಲ್ಲಿಗೆ ಮುಗಿಯಿತು. ಮುಂದಿನ ಭಾನುವಾರಕ್ಕೆ ಸಾಮಾನ್ಯ ಸಭೆ ಕರೆದರು. ಪಾಸ್ಟರಮ್ಮ ಆ ಹೆಸರು ಎತ್ತಬಾರದು, ಎತ್ತಿದರೆ ಸ್ಪಾನ್ಸರ್‌ಶಿಪ್ ವಾಪಸ್, ಎಂದು ಜೀವನಪ್ಪ ಅಂಕಲ್ ಠರಾವು ಬರೆದು ವೋಟಿಗೆ ಇಟ್ಟರು.

ನಾನು ಬೈದೆ. ಯಾಕೆ ಸುಳ್ಳು ಹೇಳಲಿ, ಚೆನ್ನಾಗಿಯೇ ಬೈದೆ.

"ಗ್ರೀನ್ ಕಾರ್ಡ್ ಬರೂತನಕ ಬಾಯಿ ಮುಚ್ಚಿಕೊಂಡು ಮನಸಿನ್ಯಾಗ ಬೇಡಿಕೊಂಡ್ರ ಏನ್ ಗಂಟು ಹೋಗ್ತದವಾ ನಿಂದು? ದೇವರೇನು ಕಿವುಡನ?"

"ದೇವರಿಗೆ ಕೇಳಸ್ತದಕ್ಕ. ಹನಾನಗ ಕೇಳಸಬೇಕಲ್ಲ," ಎಂದಳು. ಮುರಿದ ರೊಟ್ಟಿಯನ್ನು ತಟ್ಟೆಗೆ ವಾಪಸ್ ಇಟ್ಟಳು. "ನನಗ ಅಂಜಿಕಿ ಇಲ್ಲಂತ ತಿಳೀಬ್ಯಾಡ್ರಿ. ರಾತ್ರಿ ನಿದ್ದಿ ಹತ್ತವಲ್ದು. ಆದ್ರ ಮಾತು ಕೊಟ್ಟೀನಿ."

ಇಂಥವಳಿಗೆ ಏನು ಹೇಳುತ್ತೀರಿ! ಅವಳು ಹೋದ ಮೇಲೆ ಕೂತು ಅತ್ತೆ. ಆಮೇಲೆ ಹನಾನಳಿಗೆ ಫೋನ್ ಮಾಡಿದೆ. ನನಗೆ ವೋಟಿಲ್ಲದಿದ್ದರೆ ಹೋಯಿತು, ಡ್ರೈವಿಂಗ್ ಲೈಸೆನ್ಸ್ ಇದೆಯಲ್ಲ. ಆ ಭಾನುವಾರ ಪ್ರಭಾಳಿಗೂ ಹೇಳದೆ, ಹೊಸ ಮೊಣಕಾಲಿನಲ್ಲಿ ಪ್ಯಾಟರ್‌ಸನ್‌ವರೆಗೆ ಡ್ರೈವ್ ಮಾಡಿ ಹನಾನಳನ್ನು ಕರೆತಂದೆ.

ಆರಾಧನೆ ಮುಗಿದು ಹಾಲ್‌ನಲ್ಲಿ ಊಟ. ಠರಾವಿನ ವೋಟು ಊಟವಾದ ಮೇಲೆ. ಮನೆಮನೆಯಿಂದ ತಂದ ಪುಳಿಯೋಗರೆ, ಬಿರಿಯಾನಿ ಟ್ರೇಗಳ ಸಾಲು. ಜೀವನಪ್ಪ ಅಂಕಲ್ ಎಂಥ ಸಿಟ್ಟಿನಲ್ಲಿದ್ದರೂ ಅತಿಥಿಗಳನ್ನು ಬಿಡುವವರಲ್ಲ. ನನ್ನ ಪಕ್ಕದ ಹೊಸ ಮುಖ ಕಂಡು ತಾವೇ ಪಾಯಸದ ಬಟ್ಟಲು ಹಿಡಿದು ಬಂದರು. ಅವಳ ಕತ್ತಿನ ಶಿಲುಬೆ ನೋಡಿದರು, ನಕ್ಕರು, ಇಂಗ್ಲಿಷಿನಲ್ಲಿ ಅದೇ ಪ್ರಶ್ನೆ ಕೇಳಿದರು.

"ನೀವು ಯಾವ ಮಿಷನ್?"

ಹನಾನಳಿಗೆ ಅರ್ಥವಾಗಲಿಲ್ಲ. ಅಂಕಲ್ ಬಿಡಿಸಿ ಹೇಳಿದರು. ನಮ್ಮ ತುಮಕೂರಿಗೆ ವೆಸ್ಲಿಯನ್ನರು ಬಂದರು, ಪಾಸ್ಟರಮ್ಮನ ಊರಿಗೆ ಬಾಸೆಲಿನವರು ಬಂದರು. ನಿಮ್ಮ ಊರಿಗೆ ಸುವಾರ್ತೆ ತಂದವರು ಯಾರು?

"ನಮ್ಮ ಊರಿಗೆ ಯಾರೂ ತರಲಿಲ್ಲ," ಎಂದಳು ಹನಾನ್. "ಅದು ಹೊರಟದ್ದೇ ನಮ್ಮ ಕಡೆಯಿಂದ. ನಾನು ಬೇತ್ ಜಾಲಾದವಳು. ಬೇತ್ಲೆಹೇಮಿಗೆ ನಡೆದು ಹೋಗಬಹುದು."

ಅಂಕಲ್ ಬಟ್ಟಲು ಹಿಡಿದೇ ಅವಳ ಎದುರಿನ ಕುರ್ಚಿ ಎಳೆದು ಕೂತರು. ನಿವೃತ್ತಿಯ ವರ್ಷ ಹೆಂಡತಿಯ ಜೊತೆ ಹೋಲಿ ಲ್ಯಾಂಡ್ ಟೂರ್ ಹೋಗಿ ಬಂದದ್ದು ಅವರ ಬದುಕಿನ ದೊಡ್ಡ ಸಂಗತಿ. ಅವರ ಮನೆಯ ಶೋಕೇಸಿನಲ್ಲಿ ಅಲ್ಲಿಂದ ತಂದ ಆಲಿವ್ ಮರದ ಗೋದಲಿ, ಕ್ರಿಸ್ತ ಹುಟ್ಟಿದ ಕೊಟ್ಟಿಗೆಯ ಪುಟ್ಟ ಕೆತ್ತನೆ, ಇದೆ, ಧೂಳು ಕೂರಲು ಬಿಡುವುದಿಲ್ಲ.

"ಬೇತ್ಲೆಹೇಮಿಗೆ ನಾನು ಬಂದಿದ್ದೇನೆ," ಎಂದರು ಮೆಲ್ಲಗೆ. "ಅರ್ಧ ದಿನ. ಅಲ್ಲಿ ನಮ್ಮಂಥ ಕ್ರೈಸ್ತರು ಬದುಕಿದ್ದಾರೆ ಎಂದು ಗೈಡ್ ಹೇಳಲೇ ಇಲ್ಲ. ಒಂದು ಗೋದಲಿ ಕೊಂಡುಕೊಂಡೆವು."

"ಅದನ್ನು ಕೆತ್ತುವವರು ನಾವೇ. ನನ್ನ ತಮ್ಮ, ಫಾದಿಯ ಅಪ್ಪ, ಇಂದಿಗೂ ಕೆತ್ತುತ್ತಾನೆ."

"ಯಾವ ಫಾದಿ?"

"ನಿಮ್ಮ ಪಾಸ್ಟರ್ ಹೆಸರೆತ್ತುವ ಫಾದಿ."

ಅಂಕಲ್ ಪಾಯಸ ಅಲ್ಲೇ ಇಟ್ಟು ಹೊರಟುಹೋದರು. ಸಭೆ ಶುರುವಾದಾಗ ಎದ್ದು ನಿಂತರು, ಕಣ್ಣು ಕೆಂಪಗಾಗಿತ್ತು. "ಠರಾವು ವಾಪಸ್ ತಗೋತೀನಿ. ಅವರೂ ನಮ್ಮವರೇ, ಕ್ರೈಸ್ತರು. ನಂಗೆ ಗೊತ್ತಿರಲಿಲ್ಲ," ಎಂದರು. ಹಾಲ್ ಚಪ್ಪಾಳೆ ತಟ್ಟಿತು. ನಾನು ಹಣೆಯ ವಿಭೂತಿ ಮುಟ್ಟಿಕೊಂಡು ಉಸಿರು ಬಿಟ್ಟೆ.

ಆಗ ಈ ಪುಣ್ಯಾತ್ಗಿತ್ತಿ ಎದ್ದಳು ನೋಡಿ!

"ಅಂಕಲ್, ನಿಮಗ ಕೈ ಮುಗೀತೀನಿ. ಆದ್ರ ಫಾದಿ ಕ್ರೈಸ್ತ ಅಂತ ಠರಾವು ಬಿಡೂದಾದ್ರ ಬ್ಯಾಡ್ರಿ. ಫಾದಿ ಜೋಡಿ ಅದೇ ಖೋಲ್ಯಾಗ ಮಹಮೂದ್ ಅಂತ ಒಬ್ಬ ಹುಡುಗ ಅದಾನ. ಅವನ ಮ್ಯಾಲೂ ಕೇಸಿಲ್ಲ, ವಿಚಾರಣಿ ಇಲ್ಲ. ಮುಂದಿನ ವಾರದಿಂದ ಅವನ ಹೆಸರೂ ಎತ್ತತೀನಿ. ನಮ್ಮವ್ವ ವಾರ್ಡಿನ್ಯಾಗ ಜಾತಿ ಕೇಳಿ ಹೆಸರೆತ್ತಲಿಲ್ಲ. ವೋಟ್ ಹಾಕೂದಾದ್ರ ಎರಡೂ ಹೆಸರಿನ ಮ್ಯಾಲ ಹಾಕ್ರಿ."

ಗೆದ್ದದ್ದನ್ನು ಕೈಯಾರೆ ಚೆಲ್ಲಿದಳಲ್ಲ ಎಂದು ನಾನು ಹಣೆ ಚಚ್ಚಿಕೊಂಡೆ. ಅವಳ ಪೆಟ್ಟಿಗೆ, ಅವಳ ಬೈಬಲ್, ನನ್ನ ಮನೆಯ ಖಾಲಿ ಕುರ್ಚಿ, ಎಲ್ಲಾ ಕಣ್ಮುಂದೆ ಬಂದವು. ಕ್ವೈರಿನ ಹುಡುಗಿ ಆರಾಧ್ಯಾ ಮೊದಲು ಕೈ ಎತ್ತಿದಳು. "ಬೋತ್ ನೇಮ್ಸ್, ಅಂಕಲ್," ಎಂದಳು. ಇನ್ನೆರಡು ಕೈ ಎದ್ದವು. ಎಲ್ಲರೂ ನೋಡುತ್ತಿದ್ದದ್ದು ಜೀವನಪ್ಪ ಅಂಕಲ್ ಕಡೆಗೆ. ಅವರು ಹನಾನಳನ್ನು ನೋಡಿದರು, ಪ್ರಭಾಳನ್ನು ನೋಡಿದರು, ನೆಲ ನೋಡಿದರು.

"ಈ ಪಾಸ್ಟರಮ್ಮನ ಜೊತೆ ಏಗೋಕಾಗಲ್ಲ," ಎಂದು ಕೈ ಎತ್ತಿದರು. ಎತ್ತಿದ ಮೇಲೆ ಇಳಿಸಲಿಲ್ಲ. ಹಾಲ್ ತುಂಬಾ ಕೈಗಳೆದ್ದವು. ಎತ್ತದೆ ಕೂತವರೂ ಇದ್ದರು. ಆ ವಾರ ಪ್ರಭಾ ಅವರ ಮನೆಗಳಿಗೆ ತಾನೇ ಹೋಗಿ ಚಹಾ ಕುಡಿದು ಬಂದಳು.

ಮುಂದಿನ ಭಾನುವಾರ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಪ್ರಭಾ "ಜೈಲಿನಲ್ಲಿರುವ..." ಎಂದು ಶುರುಮಾಡಿದ್ದಷ್ಟೇ, ಅವಳ ಬಾಯಿಂದ ಬರುವ ಮೊದಲೇ ಇಡೀ ಸಭೆ "ಫಾದಿ, ಮಹಮೂದ್" ಎಂದಿತು. ಎಲ್ಲರಿಗಿಂತ ಜೋರು ಧ್ವನಿ ತುಮಕೂರಿನದು.

ಈ ವಸಂತದಲ್ಲಿ ಫಾದಿಯ ಆದೇಶ ಮುಗಿದಾಗ ಮತ್ತೆ ಮುಂದುವರಿಸಲಿಲ್ಲ. ಹುಡುಗ ಮನೆಗೆ ಬಂದ! ವಕೀಲರಿಂದಲೋ, ಪ್ರಭಾ ಸವೆಸಿದ ಆಫೀಸಿನ ಮೆಟ್ಟಿಲುಗಳಿಂದಲೋ, ದೇವರಿಂದಲೋ, ನಾನು ಹೇಳಲಾರೆ. ಮಹಮೂದ್ ಇನ್ನೂ ಒಳಗಿದ್ದಾನೆ, ಅವನ ಹೆಸರನ್ನು ಇನ್ನೂ ಎತ್ತುತ್ತಾರೆ. ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ, ನಾನು ಇನ್ನೂ ಬೈಯುತ್ತೇನೆ.

ಫಾದಿ ಬಿಡುಗಡೆಯಾದ ಮುಂದಿನ ಭಾನುವಾರ ಹನಾನ್ ಚರ್ಚಿಗೆ ಬಂದು ಫೋನ್ ಎತ್ತಿ ಹಿಡಿದಳು. ಫೋನಿನಲ್ಲಿ ಫಾದಿ, ಬಡಕಲು ಹುಡುಗ, ಬೋಳಿಸಿದ ತಲೆ, ತನ್ನೂರಿನ ಚರ್ಚಿನ ಮುಂದೆ ನಿಂತಿದ್ದ. ಅವರ ಆರಾಧನೆಯಲ್ಲೂ ಹೆಸರುಗಳನ್ನು ಓದುವ ಪದ್ಧತಿ ಇದೆಯಂತೆ. ಅತ್ತೆ ಬರೆದು ಕಳಿಸಿದ ನಿಮ್ಮ ಹೆಸರುಗಳು ನಮ್ಮ ಪಾದ್ರಿಯ ನಾಲಿಗೆಗೆ ಹೊರಳಲಿಲ್ಲ, ಅದಕ್ಕೇ ಇವತ್ತು ಬೆಳಿಗ್ಗೆ ನಾನೇ ಓದಿದೆ, ಕೇಳಿಸಿಕೊಳ್ಳಿ, ಎಂದ. ಓದತೊಡಗಿದ. "ಬ್ರಭಾ" ಎಂದ. "ಆರಾದಿಯಾ" ಎಂದ. "ಜೀವನಬ್ಬ" ಎಂದಾಗ ಅಂಕಲ್ ಮುಖ ಮುಚ್ಚಿಕೊಂಡು ಚಿಕ್ಕ ಮಗುವಿನ ಹಾಗೆ ಅತ್ತರು. ಇದು ಅವರ ಸಭೆಯ ಮಾತು, ನಮಗೇನು ಎಂದು ನಾನು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದೆ.

"ಕುರುಸಿದ್ದಮ್ಮ," ಎಂದ ಫಾದಿ.

ಹಿಂದಿನ ಬೆಂಚಿನಿಂದ ಎದ್ದು ನಿಂತು, ಚರ್ಚು ಎನ್ನುವುದನ್ನೂ ಮರೆತು ಕೂಗಿದೆ: "ನಾ ಇಲ್ಲೇ ಅದೀನೋ ನನ್ನಪ್ಪಾ!"